ಸುಜಿನ್ ಅಮ್ಮನ ಡಬ್ಬಿ

ಸಿಂಗಪುರದ ಟ್ಯಾಂಪಿನೀಸಿನ ಆ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಮುಗಿಯುತ್ತಿದ್ದ ಕೆಲಸಗಳು ಇವು: ಅತ್ತೆಯ ಪೂಜೆಗೆ ನೀರು, ವಿಭೂತಿ, ಹೂವು ಅಣಿ ಮಾಡುವುದು. ಹಿಟ್ಟು ನಾದುವುದು. ಗಂಡನ ಡಬ್ಬಿಗೆ ಚಪಾತಿ, ಅತ್ತೆಗೆ ಮೆತ್ತನೆಯ ರೊಟ್ಟಿ, ಇಬ್ಬರಿಗೂ ಸೇರುವಂಥ ಒಂದು ಪಲ್ಯ. ಒಗೆದ ಬಟ್ಟೆಯನ್ನು ಬಿದಿರುಕೋಲಿಗೆ ಏರಿಸಿ ಕಿಟಕಿಯಾಚೆ ಚಾಚುವುದು. ಗಂಡನ ಅಂಗಿಗೆ ಇಸ್ತ್ರಿ. ಇಷ್ಟಾದ ಮೇಲೆ ಉಳಿದ ಚಪಾತಿಯನ್ನು ತನ್ನ ಡಬ್ಬಿಗೆ ಹಾಕಿಕೊಂಡು ವಿದ್ಯಾಶ್ರೀ ಕೊರಿಯನ್ ಶಾಲೆಗೆ ಇಂಗ್ಲಿಷ್ ಕಲಿಸಲು ಹೊರಡುತ್ತಿದ್ದಳು.

ಧಾರವಾಡದಲ್ಲಿ ಎಂ.ಎ. ಓದಿ, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವಳು. ಗಂಡ ಶಿವಪ್ರಸಾದನಿಗೆ ಇಲ್ಲಿನ ಪಾಯಾ ಲೆಬಾರ್‌ನಲ್ಲಿ ಕೆಲಸ ಸಿಕ್ಕಾಗ ಅದನ್ನು ಬಿಟ್ಟು ಬಂದಳು. ಆಗ ಸಿಂಗಪುರದ ತುಂಬ ಕ್ರೇನುಗಳು, ದೇಶದೇಶದಿಂದ ಬಂದಿಳಿಯುತ್ತಿದ್ದ ಸಂಸಾರಗಳು. ಕೊರಿಯನ್ನರ ಮಕ್ಕಳಿಗೆ ಅವರದೇ ಶಾಲೆ, ಅಲ್ಲಿ ಇವಳಿಗೊಂದು ಕೆಲಸ.

ಮೊದಲ ವರ್ಷದ ಕ್ರೀಡಾಕೂಟದ ದಿನ ಹೊರಡುವಾಗ ಅತ್ತೆ ಗೌರವ್ವ ಬಾಗಿಲಿಗೆ ಬಂದು ಹೇಳಿದಳು: "ಅವರ ಕೈದು ಏನೂ ತಿನಬ್ಯಾಡವಾ. ಯಾವುದ್ರಾಗ ಏನ್ ಹಾಕಿರ್ತಾರೋ."

"ಡಬ್ಬಿ ಒಯ್ಯಾಕತ್ತೇನ್ರೀ, ಅತ್ತಿ."

ಮೈದಾನದಲ್ಲಿ ಮಕ್ಕಳು ನೀಲಿ ದಂಡು, ಬಿಳಿ ದಂಡು ಎಂದು ಹಣೆಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಅಪ್ಪಂದಿರು ಹಗ್ಗ ಜಗ್ಗಿದರು. ಗೆದ್ದವರಿಗೂ ಸೋತವರಿಗೂ ಚಪ್ಪಾಳೆ. ಅಮ್ಮಂದಿರು ಡೇರೆಯ ನೆರಳಲ್ಲಿ ಚಾಪೆ ಹಾಸಿ, ಅಂತಸ್ತಿನ ಡಬ್ಬಿಗಳನ್ನು ಬಿಚ್ಚಿ ಜೋಡಿಸುತ್ತಿದ್ದರು. ಯಾವ ಜಾವಕ್ಕೆ ಎದ್ದಿದ್ದರೋ, ಆ ಕಣ್ಣುಗಳನ್ನು ನೋಡಿದರೆ ವಿದ್ಯಾಶ್ರೀಗೆ ಬೇರೆ ಹೇಳಬೇಕಾಗಿರಲಿಲ್ಲ. ಅವರಿಗೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಕೊನೆಗೆ ಎತ್ತರದ ಕಂಬಕ್ಕೆ ಕಟ್ಟಿದ ದೊಡ್ಡ ಚೆಂಡಿಗೆ ಮಕ್ಕಳೆಲ್ಲ ಕಾಳಿನ ಚೀಲ ಎಸೆಯತೊಡಗಿದರು. ಇವಳೂ ಸೆರಗು ಸಿಕ್ಕಿಸಿ ಎಸೆದಳು. ಚೆಂಡು ಬಾಯ್ಬಿಟ್ಟು ಬಣ್ಣದ ಕಾಗದ ಉದುರಿ, ಒಳಗಿಂದ ಕೊರಿಯನ್ ಅಕ್ಷರ ಬರೆದ ಉದ್ದನೆಯ ಬಟ್ಟೆ ಇಳಿಬಿತ್ತು.

"ಏನು ಬರೆದಿದೆ?" ಎಂದು ತನ್ನ ತರಗತಿಯ ಸುಜಿನ್‌ಳನ್ನು ಕೇಳಿದಳು.

"ಊಟದ ಹೊತ್ತಾಯ್ತು, ಖುಷಿಯಾಗಿ ಉಣ್ಣಿ ಅಂತ! ಬನ್ನಿ ಟೀಚರ್, ಬೇಗ ಲಾ!" ಎಂದಳು, ಸಿಂಗಪುರದವರಂತೆ ಮಾತಿನ ಬಾಲಕ್ಕೆ 'ಲಾ' ಸೇರಿಸಿ.

ಸುಜಿನ್‌ಳ ತಾಯಿ ಎದುರಿಗೆ ಬಂದಳು. ಶಾಲೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು 'ಸುಜಿನ್ ಅಮ್ಮ' ಎಂದೇ, ಬೇರೆ ಹೆಸರು ವಿದ್ಯಾಶ್ರೀಗೆ ಗೊತ್ತಿರಲಿಲ್ಲ. ಎರಡೂ ಕೈಯಿಂದ ಡಬ್ಬಿಯೊಂದನ್ನು ಚಾಚಿ ತಲೆ ಬಾಗಿಸಿದಳು. ಒಳಗೆ ಕಿಂಬಾಪ್, ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿ ಬಿಲ್ಲೆಬಿಲ್ಲೆಯಾಗಿ ಕೊಯ್ದದ್ದು.

ವಿದ್ಯಾಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. "ನೋ ನೋ, ಥ್ಯಾಂಕ್ಯೂ, ನನ್ನದು ತಂದಿದ್ದೀನಿ," ಎಂದು ಸ್ಟೀಲ್ ಡಬ್ಬಿ ಎತ್ತಿ ತೋರಿಸಿದಳು. ಆಮೇಲೆ ಕಣ್ಣಿಗೆ ಬಿದ್ದದ್ದು: ಗಜ್ಜರಿ, ಸೌತೆ, ಪಾಲಕ್. ಅಷ್ಟೇ. ಹುಬ್ಬಳ್ಳಿಯಲ್ಲಾದರೆ ಬೇಡವೆಂದವರ ಕೈ ಹಿಡಿದು, ಆಣೆ ಹಾಕಿ, ತಾಟಿಗೆ ಬಡಿಸಿಯೇ ಬಿಡುತ್ತಾರೆ. ಇನ್ನೊಮ್ಮೆ ಅನ್ನಲಿ, ತೆಗೆದುಕೊಳ್ಳುತ್ತೇನೆ ಎಂದು ಕಾದಳು. ಸುಜಿನ್ ಅಮ್ಮ ಮಾತ್ರ ನಕ್ಕು, ಮತ್ತೆ ಬಾಗಿ, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಚಾಪೆಗೆ ಮರಳಿದಳು. ವಿದ್ಯಾಶ್ರೀ ತಣ್ಣಗಾದ ಚಪಾತಿ ಮುರಿದಳು.

ಸಂಜೆ ಗೇಟಿನ ಹತ್ತಿರ ಸುಜಿನ್ ಓಡಿ ಬಂದು ಅದೇ ಗಂಟನ್ನು ಇವಳ ಕೈಗಿಟ್ಟಳು.

"ಅಮ್ಮ ಕೊಡು ಅನ್ನಲಿಲ್ಲ, ನಾನೇ ತಂದೆ. ಟೀಚರ್, ನಿಮಗೋಸ್ಕರ ಅಮ್ಮ ಹೊಸ ಚಾಕು, ಹೊಸ ಮಣೆ ತಗೊಂಡ್ರು ಲಾ. ಮಾಂಸ ಮುಟ್ಟಿದ್ದು ಆಗಲ್ಲ ಅಂತ. ಎಲ್ಲರದಕ್ಕಿಂತ ಮೊದಲು ನಿಮ್ದೇ ಮಾಡಿದ್ದು."

"ನನಗೆ ಯಾಕೆ ಆಗಲೇ ಹೇಳಲಿಲ್ಲ?"

"ಅಮ್ಮ ಬೇಡ ಅಂದ್ರು. ಟೀಚರ್‌ಗೆ ಹಿಡಿಸಲಿಲ್ಲ ಅಂದ್ರು."

ಎಂ.ಆರ್.ಟಿ. ರೈಲಿನ ದಾರಿಯುದ್ದಕ್ಕೂ ಡಬ್ಬಿ ತೊಡೆಯ ಮೇಲಿತ್ತು. ತಮ್ಮ ಬ್ಲಾಕಿನ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದಳು. ಇಡೀ ದಿನದ ಸೆಕೆಗೆ ಅನ್ನ ಹಳಸಿ ವಾಸನೆ ಹೊಡೆಯುತ್ತಿತ್ತು. ಒಂದೊಂದು ಬಿಲ್ಲೆಯೂ ಒಂದೇ ಅಳತೆಗೆ ಕೊಯ್ದದ್ದು. ಕಸಕ್ಕೆ ಸುರಿಯುವಾಗ ಕೈ ತಡೆದು ತಡೆದು ನಿಂತಿತು. ಬೇರೊಬ್ಬಳು ನಿದ್ದೆಗೆಟ್ಟು ಮಾಡಿದ್ದನ್ನು ನೋಡದೆ ದೂಡುವವರು ಮನೆಯಲ್ಲಿದ್ದರು. ಈಗ ತಾನೂ ಅವರ ಸಾಲಿಗೆ ಸೇರಿದ್ದಳು.

"ಏನೂ ತಿನ್ನಲಿಲ್ಲ ಹೌದಲ್ಲೋ?" ಗೌರವ್ವ ಕೇಳಿದಳು.

"ಇಲ್ರೀ."

"ಶಾಣ್ಯಾಕಿ."

ವಿದ್ಯಾಶ್ರೀ ನಡೆದದ್ದನ್ನೆಲ್ಲ ಗಂಡನ ಮುಂದೆ ಹೇಳಿಕೊಂಡಳು. ಅವನು ಟಿ.ವಿ.ಯಿಂದ ಕಣ್ಣು ಕೀಳದೆ, "ಹೋಗ್ಲಿ ಬಿಡ. ಒಂದು ಥ್ಯಾಂಕ್ಯೂ ಕಾರ್ಡ್ ಕೊಡು, ಮುಗೀತು," ಎಂದ. ಬೆಳಗ್ಗೆ ತನ್ನ ಡಬ್ಬಿಗೆ ಎಣ್ಣೆಗಾಯಿ ಇರಲೆಂದೂ ನೆನಪಿಸಿದ.

ಮರುದಿನ ನಸುಕಿನಲ್ಲಿ ಮತ್ತೆ ಅದೇ ನೀರು, ಅದೇ ವಿಭೂತಿ, ಅದೇ ಹಿಟ್ಟು. ಎಣ್ಣೆಗಾಯಿಯ ಘಮ ಮನೆಯೆಲ್ಲ ಹಬ್ಬಿತು. ಗಂಡ, ಅತ್ತೆ ಇನ್ನೂ ಮಲಗಿದ್ದರು. ಸುಜಿನ್ ಅಮ್ಮನ ಡಬ್ಬಿ ತೊಳೆದು ಒರೆಸಿಟ್ಟದ್ದು ಒಲೆಯ ಪಕ್ಕದಲ್ಲೇ ಇತ್ತು. ಎಣ್ಣೆಗಾಯಿ ತುಂಬಿ ಕೊಟ್ಟರೆ ಅವಳು ತೆಗೆದುಕೊಳ್ಳುತ್ತಾಳೋ, ತನ್ನಂತೆಯೇ ಹಿಂದೆ ಸರಿಯುತ್ತಾಳೋ ಯಾರಿಗೆ ಗೊತ್ತು. ಕೊಡುವ ಮೊದಲು ಅವಳ ಸ್ವಂತ ಹೆಸರು ಕೇಳಬೇಕು.

ಎಳೆಯ ಬದನೆಕಾಯಿಗಳನ್ನೆಲ್ಲ ಅದರಲ್ಲಿ ಜೋಡಿಸಿದಳು, ಗಂಡನಿಗೆಂದು ಬೇಯಿಸಿದ ಬಿಸಿ ಚಪಾತಿಗಳನ್ನು ಮಡಿಸಿ ಮೇಲಿಟ್ಟಳು. ಶಿವಪ್ರಸಾದನ ಡಬ್ಬಿ ಖಾಲಿ ಉಳಿಯಿತು. ಇನ್ನೊಂದು ಸಲ ಹಿಟ್ಟು ಕಲಸಲು ಹೊತ್ತಿತ್ತು. ಕೈ ಅಭ್ಯಾಸದಂತೆ ಹಿಟ್ಟಿನ ಡಬ್ಬಕ್ಕೆ ಹೋಯಿತು.

ವಿದ್ಯಾಶ್ರೀ ಅದರ ಮುಚ್ಚಳವನ್ನು ಒತ್ತಿ ಮುಚ್ಚಿದಳು. ಗಂಡನ ಡಬ್ಬಿಯನ್ನು ಬೋರಲು ಹಾಕಿ ಒಲೆ ಆರಿಸಿದಳು.