ಆಪರೇಷನ್ನಿಗೆ ಮುಂಚೆ ಬರುವ ಕೈ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರಡಿ, ಮಂಚದ ಅಂಚಿಗೆ ಸೊಂಟ ಆನಿಸಿ ನಿಂತ ಐವತ್ತೊಂದು ವರ್ಷದ ಕ್ಷೌರಿಕರು ಲಾರಿ ಚಾಲಕರೊಬ್ಬರ ಹೊಟ್ಟೆಗೆ ನೊರೆ ಹಚ್ಚುತ್ತಿದ್ದಾರೆ. ಎಂಟು ಗಂಟೆಗೆ ಆ ಹೊಟ್ಟೆಯ ಆಪರೇಷನ್. ಬಲಗೈಯಲ್ಲಿ ರೇಜರ್ ಇದೆ. ಚರ್ಮವನ್ನು ಎಳೆದು ಹಿಡಿಯಬೇಕಾದ ಎಡಗೈ, ಬಲಮೊಣಕೈ ಕೆಳಗೆ ಆಸರೆಯಾಗಿ ನಿಂತಿದೆ.

"ಉಸಿರು ಬಿಗಿ ಹಿಡೀಬೇಡಿ. ನಾನು ಬರೀ ಕೂದಲು ತೆಗಿಯೋನು. ಮಿಕ್ಕಿದ್ದು ತೆಗಿಯೋರು ಆಮೇಲೆ ಬರ್ತಾರೆ."

ಚಾಲಕರು ಹೆದರಿಕೆಯ ನಡುವೆಯೂ ನಗುತ್ತಾರೆ. ಹೊಟ್ಟೆ ಸಡಿಲವಾಗುತ್ತದೆ. ರೇಜರ್ ಇಳಿಯುತ್ತದೆ.

ಇಪ್ಪತ್ತನಾಲ್ಕು ವರ್ಷದಿಂದ ಇದೇ ಕೆಲಸ. ದಿನಕ್ಕೆ ಒಂಬತ್ತೋ ಹತ್ತೋ ಜನ, ಸೋಮವಾರವಾದರೆ ಹದಿನಾಲ್ಕು. ತಲೆ, ಎದೆ, ತೊಡೆ, ಯಾವುದಾದರೂ ಸರಿ. ಸರ್ಜನ್ನರ ಚಾಕು ಎಲ್ಲಿಗೆ ಬರುತ್ತದೋ ಅಲ್ಲಿಗೆ ಇವರ ರೇಜರ್ ಮೊದಲು ಹೋಗಿರುತ್ತದೆ. ಮಕ್ಕಳ ವಾರ್ಡಿನಲ್ಲಿ ಮೊದಲು ತಮಗೇ ನೊರೆಯ ಮೀಸೆ ಬರೆದುಕೊಳ್ಳುತ್ತಿದ್ದರಿಂದ ಇಡೀ ಆಸ್ಪತ್ರೆಗೆ ಅವರು 'ನೊರೆಮಾಮ'. ಈಗ ತಲೆಗಳನ್ನು ಮಾತ್ರ ಅವರು ಮುಟ್ಟುವುದಿಲ್ಲ. ಕೈ ಅಷ್ಟು ಎತ್ತರ ಏರುವುದಿಲ್ಲ.

ಈ ತೊಂದರೆ ಶುರುವಾಗಿ ನಾಲ್ಕು ವರ್ಷ ದಾಟಿದೆ. ಒಂದು ಬೆಳಿಗ್ಗೆ ತಲೆ ಬಾಚಲು ಹೋದರೆ ಬಾಚಣಿಗೆ ಕಿವಿಯವರೆಗೆ ಹೋಗಿ ನಿಂತುಬಿಟ್ಟಿತು. ಆಮೇಲೆ ತೊಡೆ, ಆಮೇಲೆ ಬಸ್ಸಿನ ಮೆಟ್ಟಿಲು. ನೋವನ್ನು ಅವರು ಹೇಳುವುದು ಹೀಗೆ: "ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡ್ತಾ ಇರೋ ಹಾಗೆ. ಹಿಂಡಿ ಒಣಗೋಕೆ ಹಾಕಿದ್ರೂ ಪರವಾಗಿಲ್ಲ, ಮತ್ತೆ ಮತ್ತೆ ಹಿಂಡ್ತಾರೆ." ಅಂಗಿಯ ಗುಂಡಿಯಿಂದ ಹಿಡಿದು ತಲೆಯ ಬೈತಲೆಯವರೆಗೆ ಈಗ ಹೆಂಡತಿಯ ಕೈಯೇ ಆಗಬೇಕು. "ಲೋಕದವರ ತಲೆಯೆಲ್ಲ ಬೋಳಿಸಿದೋರು ಈಗ ನನ್ನ ಮುಂದೆ ತಲೆ ಬಗ್ಗಿಸ್ತಾರೆ ನೋಡಿ," ಎಂದು ಆಕೆ ನಗಿಸಲು ನೋಡುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಸುತ್ತ ಇಷ್ಟು ಡಾಕ್ಟರುಗಳಿದ್ದೂ ಯಾಕೆ ತೋರಿಸಲಿಲ್ಲ? "ತೋರಿಸ್ದೆ. ಎಲ್ಲರೂ ಪರಿಚಯದವರೇ, ಅದೇ ಎಡವಟ್ಟಾಗಿದ್ದು," ಎನ್ನುತ್ತಾರೆ. ಕಾರಿಡಾರಿನಲ್ಲಿ ನಡೆಯುತ್ತಲೇ ಕೇಳಿದರು, ಅವರೂ ನಡೆಯುತ್ತಲೇ ಹೇಳಿದರು. ಒಬ್ಬರು ವಿಟಮಿನ್ ಎಂದರು, ಒಬ್ಬರು ವಯಸ್ಸು ಎಂದರು. ಮತ್ತೊಬ್ಬರು ಬೆನ್ನು ತಟ್ಟಿ, "ಕಲ್ಲುಗುಂಡಿನ ಹಾಗಿದ್ದೀರಿ, ನಿಮಗೇನ್ರೀ ಕಾಯಿಲೆ?" ಎಂದು ಲಿಫ್ಟ್ ಹತ್ತಿದರು. ಯಾರೂ ಒಂದಕ್ಷರ ಬರೆದುಕೊಳ್ಳಲಿಲ್ಲ.

ಮೊದಲು ಬರೆದದ್ದು ಬೇರೆಯವರ ಫೈಲಿನಲ್ಲಿ. ಕಳೆದ ವರ್ಷ, ಮಿದುಳಿನ ಆಪರೇಷನ್ನಿಗೆ ಸಿದ್ಧರಾಗಿದ್ದ ಶಾಲಾ ಶಿಕ್ಷಕಿಯೊಬ್ಬರ ತಲೆ ಬೋಳಿಸುವಾಗ, ಕಿವಿಯ ಹಿಂದೆ ಇವರ ತೋಳು ಹೇಳದೆ ಕೇಳದೆ ಕುಸಿಯಿತು. ಒಂದಂಗುಲದ ಗಾಯ. ಗಾಯವಿದ್ದ ಜಾಗದಲ್ಲಿ ಸೋಂಕು ಸೇರಬಹುದೆಂದು ಆಪರೇಷನ್ ಆರು ದಿನ ಮುಂದೆ ಹೋಯಿತು. ಇವರನ್ನು ಉಳಿಸಲೆಂದು ಹಿರಿಯ ನರ್ಸ್ 'ರೋಗಿ ಅಲುಗಾಡಿದರು' ಎಂದು ಬರೆದಿದ್ದರು. ನೊರೆಮಾಮ ಅದನ್ನು ಹೊಡೆದುಹಾಕಿಸಿದರು.

"ಅವರು ಕಲ್ಲಿನ ಹಾಗೆ ಕೂತಿದ್ರು, ಸಿಸ್ಟರ್. ಕೈಕೊಟ್ಟಿದ್ದು ನನ್ನ ಕೈ. ಹಾಗೇ ಬರೀರಿ."

ಆ ಆರು ದಿನವೂ ಶಿಕ್ಷಕಿ ತಲೆನೋವಿನಿಂದ ನರಳುವುದು ಬಾಗಿಲಾಚೆಗೆ ಕೇಳುತ್ತಿತ್ತು. ಇವರು ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಏಳನೆಯ ದಿನ ಆಪರೇಷನ್ ಮುಗಿದ ಸುದ್ದಿ ಬಂದ ಮೇಲೆ ಹೆಂಡತಿ ಪಟ್ಟು ಹಿಡಿದರು: "ಕೆಲಸದವರ ಥರ ಹೋಗಿದ್ದು ಸಾಕು. ಯೂನಿಫಾರಂ ಬಿಚ್ಚಿಟ್ಟು ರೋಗಿ ಥರ ಹೋಗಿ."

ರಜೆ ಹಾಕಿ, ಗೀರಿನ ಅಂಗಿ ತೊಟ್ಟು, ತಮ್ಮದೇ ಆಸ್ಪತ್ರೆಯ ಸಾಲಿನಲ್ಲಿ ನಿಂತರು. ಟೋಕನ್ ಎಂಬತ್ತಾರು. ಹೊಸದಾಗಿ ಬಂದಿದ್ದ ಡಾಕ್ಟರಮ್ಮನಿಗೆ ಇವರ ಗುರುತಿರಲಿಲ್ಲ. ನೆಲದ ಮೇಲೆ ಕೂತು ಏಳಲು ಹೇಳಿದರು. ಕೂತರು. ಏಳಲು ಆಗಲಿಲ್ಲ. ತಮ್ಮ ತೊಡೆಯನ್ನೇ ಹಿಡಿಹಿಡಿದು ಮೇಲೇರಲು ನೋಡಿ, ಮೇಜಿನ ಕಾಲಿಗೆ ಒರಗಿಬಿಟ್ಟರು.

"ಎಷ್ಟು ದಿನದಿಂದ ಹೀಗೆ?"

"ಮೂರು ವರ್ಷ ದಾಟಿತು."

"ಇಷ್ಟು ವರ್ಷ ಎಲ್ಲಿದ್ರಿ?"

"ಇಲ್ಲೇ ಇದ್ದೆ, ಮೇಡಂ. ಮೂರನೇ ಮಹಡೀಲಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಎದ್ದು ಬಂದು ತೋಳು ಕೊಟ್ಟು ಎಬ್ಬಿಸಿದರು. ಅವತ್ತು ಮೊದಲ ಬಾರಿಗೆ ಅವರ ಹೆಸರಿನಲ್ಲೊಂದು ಫೈಲು ತೆರೆಯಿತು.

ಫೈಲೇನೋ ದಪ್ಪವಾಗುತ್ತಿದೆ, ಉತ್ತರ ಮಾತ್ರ ಇಲ್ಲ. ರಕ್ತ ಪರೀಕ್ಷೆ ಹದಿನೇಳು ಬಾರಿ, ಸ್ನಾಯುವಿಗೆ ಸೂಜಿ ಚುಚ್ಚಿ ನೋಡಿದ್ದು ಎರಡು ಬಾರಿ. ಪರೀಕ್ಷೆಗೆಂದು ತೊಡೆಯ ಸ್ನಾಯುವಿನ ಚೂರು ಕತ್ತರಿಸಿ ತೆಗೆದ ದಿನ, ಆ ಜಾಗವನ್ನು ಇವರೇ ಬೋಳಿಸಿಕೊಂಡರು. ವರದಿಯಲ್ಲಿ ಬಂದದ್ದು ಒಂದೇ ಸಾಲು: ಸ್ನಾಯುವಿನಲ್ಲಿ ಬದಲಾವಣೆ ಇದೆ, ಕಾರಣ ಸ್ಪಷ್ಟವಿಲ್ಲ. ಎರಡು ತಿಂಗಳು ನುಂಗಿದ ಮಾತ್ರೆಗೆ ಮುಖ ಊದಿಕೊಂಡಿತೇ ಹೊರತು ತೋಳಿಗೆ ಬಲ ಬರಲಿಲ್ಲ. ಆ ಚೂರನ್ನು ಈಗ ದೂರದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ಹನ್ನೊಂದು ವಾರವಾಗಿದೆ.

ಇವತ್ತಿನ ಆರನೇ ರೋಗಿ ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಬೆಳಕಾಗಿದೆ. ನೊರೆಮಾಮ ಸ್ಟೂಲಿನ ಮೇಲೆ ಕುಸಿದು, ಎರಡು ತೋಳುಗಳನ್ನೂ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಮುಂದಿನ ತಿಂಗಳಿನಿಂದ ಅವರನ್ನು ಬಟ್ಟೆ ಉಗ್ರಾಣದ ಕುರ್ಚಿಗೆ ಹಾಕಿದ್ದಾರೆ. ಈ ಕೆಲಸಕ್ಕೆ ಗುತ್ತಿಗೆಯವರು ಯಾರೋ ಬರುತ್ತಾರಂತೆ. ಬೇಸರವೇ ಎಂದು ಕೇಳಿದರೆ, ಪಕ್ಕದ ಬಟ್ಟಲಿನ ನೀರು ಇನ್ನೂ ಬೆಚ್ಚಗಿದೆಯೇ ಎಂದು ಬೆರಳದ್ದಿ ನೋಡುತ್ತಾರೆ.

"ಬರೋರು ಯಾರೇ ಆಗ್ಲಿ, ಬಿಸಿನೀರು ತಗೊಂಡು ಬರ್ಲಿ. ಅವರಿಗೆ ಅದೊಂದು ಯಾರಾದ್ರೂ ಹೇಳ್ಬೇಕು. ಹೆದರಿದ ಮನುಷ್ಯನ ಚರ್ಮ ತಣ್ಣೀರು ಬಿದ್ರೆ ಇನ್ನೂ ಹೆದರುತ್ತೆ."