ಕಾಕಾನಿಗೆ ಹೇಳಬೇಕಾಗಿದ್ದ ಕೊನೆಯ ಕಂತು

ಆಗಿನ ಭಾನುವಾರದ ಬೆಳಗುಗಳಿಗೆ ಉಣ್ಣೆಯ ವಾಸನೆ ಇತ್ತು. ನಮ್ಮ ಕಪ್ಪು-ಬಿಳುಪು ಟೀವಿಗೆ ಹೊದಿಸಿದ್ದ ಕಂಬಳಿಯನ್ನು ಸಣ್ಣವ್ವ ತೆಗೆದು, ಮಡಚಿ ಪಕ್ಕಕ್ಕಿಡುವಳು. ನಾನೂ ಅಣ್ಣನೂ ಚುರುಮುರಿ ಸುಸಲಾದ ತಾಟು ತೊಡೆಯ ಮೇಲಿಟ್ಟುಕೊಂಡು, ಪರದೆಯ ನಡುವಿನ ಚುಕ್ಕೆ ಅರಳಿ ಚಿತ್ರವಾಗುವವರೆಗೆ ತುತ್ತು ಎತ್ತದೆ ಕಾಯುವೆವು. ಕಂಬಳಿ, ಒಗ್ಗರಣೆಯ ಉಳ್ಳಾಗಡ್ಡಿ, ಅಂಗಳದಾಚೆಯ ಕುರಿ ಹಟ್ಟಿ, ಇವೆಲ್ಲ ಸೇರಿದ ವಾಸನೆ ಅದು. ಇಷ್ಟನ್ನು ನಾನು ಖಾತ್ರಿಯಾಗಿ ಬರೆಯಬಲ್ಲೆ ಎಂದುಕೊಂಡಿದ್ದೇನೆ. ಉಳಿದದ್ದರ ಬಗ್ಗೆ ಈಗ ಅನುಮಾನ.

ನಮ್ಮೂರು ಶಹಾಪುರಕ್ಕೂ ಸುರಪುರಕ್ಕೂ ನಡುವೆ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಅವನ ತಮ್ಮ, ನಮ್ಮ ಕಾಕಾ, ಕುರಿ ನೋಡಿಕೊಳ್ಳುತ್ತಿದ್ದ. ಸಣ್ಣವ್ವ ಕಾಕಾನ ಹೆಂಡತಿ. ಬಳಿಚಕ್ರದ ತವರಿನಿಂದ ನಮ್ಮ ಮನೆಗೆ ಬಂದು ಬಹಳ ದಿನವಾಗಿರಲಿಲ್ಲ, ಮಕ್ಕಳೂ ಆಗಿರಲಿಲ್ಲ. ಟೀವಿ ತಂದವನು ಕಾಕಾ. ಓಣಿಯವರಿಗೆಲ್ಲ ಅದು ಸಿನಿಮಾ ನೋಡುವ ಡಬ್ಬಿ. ಕಾಕಾನಿಗೂ ನನಗೂ ಅದರಲ್ಲಿ ಬೇಕಾದದ್ದು ಒಂದೇ ಒಂದು ಧಾರಾವಾಹಿ.

ಆಕಾಶದಲ್ಲಿ ದಾರಿ ತಪ್ಪಿದ ಒಬ್ಬಂಟಿ ಮನುಷ್ಯನ ಕಥೆ. ಅವನ ಹಡಗು ಕೆಟ್ಟಿದೆ. ವಾರಕ್ಕೊಂದು ಗ್ರಹಕ್ಕೆ ಇಳಿಯುತ್ತಾನೆ, ಮನೆಗೆ ಮರಳುವ ದಾರಿ ಹುಡುಕುತ್ತಾನೆ. ಮಾತೆಲ್ಲ ಹಿಂದಿ. ನಮ್ಮ ಮನೆಯಲ್ಲಿ ಹಿಂದಿ ತಿಳಿಯುತ್ತಿದ್ದದ್ದು ಸಣ್ಣವ್ವನಿಗೊಬ್ಬಳಿಗೇ. ತವರಿನಲ್ಲಿ ನೆರೆಮನೆಯ ಮುಸಲ್ಮಾನ ಹುಡುಗಿಯರ ಜೊತೆ ಆಡಿ ಬೆಳೆದವಳು. ಗೋಡೆಗೆ ಒರಗಿ ಕೂತು, ಒಂದೊಂದೇ ಮಾತನ್ನು ನಮಗೆ ಕನ್ನಡದಲ್ಲಿ ಹೇಳುವಳು.

“ಏನಂದ? ಏನಂದ?” ಎಂದು ಕಾಕಾ.

“ಉಸರಾಡೂ ಗಾಳಿ ಮುಗಿಯಾಕ ಬಂದೈತಂತ.”

“ಹಂಗಾದ್ರ ಇಷ್ಟ ಯಾಕ ಮಾತಾಡ್ತಾನ? ಬಾಯಿ ಮುಚಗೊಂಡು ಕುಂಡ್ರು ಅನ್ನು.”

“ನೀವ ಹೋಗಿ ಹೇಳ್ರಿ. ಹ್ಯಾಂಗೂ ಕುರಿ ಹೊಡಕೊಂಡು ಊರೂರು ತಿರಗತೀರಿ, ಅಲ್ಲಿಗೂ ಹೋಗಿ ಬರ್ರಿ.”

“ಹೋಗತಿದ್ದೆ. ಒಂದು ಗರಿಕಿ ಹುಲ್ಲು ಕಾಣವಲ್ದಲ್ಲ ಅಲ್ಲಿ! ಕುರಿ ಏನ ತಿನ್ನಬೇಕು, ಸಿಮೆಂಟ?”

ಉಳಿದ ದಿನಗಳಲ್ಲಿ ಅದೇ ನಮ್ಮ ಆಟ. ಕುರಿಮರಿಗಳನ್ನು ಮುಚ್ಚಿಡುವ ದೊಡ್ಡ ಬುಟ್ಟಿಯನ್ನು ಕಾಕಾ ನನ್ನ ಮೇಲೆ ಕವುಚುವನು, ಅದೇ ನನ್ನ ಹಡಗು. ಒಳಗೆ ಕತ್ತಲು. ಹೆಣಿಕೆಯ ಸಂದುಗಳಿಂದ ಬೆಳಕು ಚುಕ್ಕೆ ಚುಕ್ಕೆಯಾಗಿ ಬೀಳುವುದು. “ಚುಕ್ಕಿ ಕಂಡವೇನು?” ಎಂದು ಹೊರಗಿನಿಂದ ಬುಟ್ಟಿ ತಟ್ಟುವನು.

ಭತ್ತದ ಕೊಯ್ಲು ಮುಗಿದ ಮೇಲೆ ಕುರಿಗಳು ಹುಣಸಗಿ ಕಡೆಯ ಕಾಲುವೆ ಹೊಲಗಳಿಗೆ ಹೋಗುತ್ತಿದ್ದವು. ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಆ ವರ್ಷ ಕಾಕಾ ಹೊರಟಾಗ ಧಾರಾವಾಹಿ ಅರ್ಧವೂ ಆಗಿರಲಿಲ್ಲ.

“ನೀಲಿ, ನಾ ಬರೂತನಕ ಒಂದು ವಾರಾನೂ ಬಿಡಬ್ಯಾಡ. ಎಲ್ಲಾ ನೆನಪಿಟ್ಟು ನನಗ ಹೇಳಬೇಕು” ಅಂದ.

“ಸಣ್ಣವ್ವ ಹೇಳ್ತಾಳಲ್ಲ?”

“ಆಕಿ ನಡುವ ತನ್ನ ಮಾತೂ ಸೇರಿಸ್ತಾಳ. ನೀ ಇದ್ದದ್ದು ಇದ್ದಂಗ ಹೇಳಬೇಕು.”

ಬಾಗಿಲ ಬಳಿ ಬುತ್ತಿ ಹಿಡಿದು ನಿಂತಿದ್ದ ಸಣ್ಣವ್ವ ಮೂತಿ ತಿರುವಿದಳು. ಕಾಕಾ ನಕ್ಕ. ನಗುತ್ತಲೇ ಹೋದ ಎಂದು ಬರೆಯಲು ಆಸೆ. ಆದರೆ ಅವನ ಬೆನ್ನು ಮಾತ್ರ ನೆನಪಿದೆ.

ಕುರಿ ಮರಳಿದವು, ಅವನು ಮರಳಲಿಲ್ಲ. ಒಂದು ಸಂಜೆ ಕಾಲುವೆಯ ಕಡೆ ಹೋದವನು ಬರಲೇ ಇಲ್ಲ ಎಂದು ಜೊತೆಯ ಕುರಿಗಾರ ಅಂಗಳದಲ್ಲಿ ನಿಂತು ಅತ್ತ. ದಂಡೆಯ ಮೇಲೆ ಕೋಲು ಮತ್ತು ಕಂಬಳಿ ಸಿಕ್ಕಿದ್ದವು. ನೀರಿನಲ್ಲಿ ಬಹಳ ದೂರ ಹುಡುಕಿದರು, ದೇಹ ಸಿಗಲಿಲ್ಲ. ಎಲ್ಲರೂ ಕಾಲುವೆ ಒಯ್ದಿತು ಎಂದರು. ಆಯಿ, ಅಂದರೆ ಅಪ್ಪನ ತಾಯಿ, ಒಪ್ಪಲಿಲ್ಲ.

“ನೀರಿಗಿ ಬೀಳಾಂವ ಕಂಬಳಿ ಮಡಚಿಟ್ಟು ಬೀಳ್ತಾನೇನು? ನನ್ನ ಮಗ ಎಲ್ಲೋ ಹೋಗ್ಯಾನ. ಬರ್ತಾನ.”

ಆ ಕಂಬಳಿಯನ್ನು ಸಣ್ಣವ್ವ ಟೀವಿಯ ಮೇಲೆ ಹೊದಿಸಿದಳು. ಇದನ್ನು ಬರೆದ ಮೇಲೆ ಕೈ ನಿಂತಿತು. ಕಂಬಳಿ ಟೀವಿಗೆ ಬಂದದ್ದು ಕಾಕಾ ಹೋದ ಮೇಲೆ. ಹಾಗಾದರೆ ನಾನು ಮೊದಲು ಬರೆದ ಭಾನುವಾರಗಳಲ್ಲಿ, ಅವನು ನಮ್ಮೊಂದಿಗೆ ಕೂತು ನಗುತ್ತಿದ್ದಾಗ, ಉಣ್ಣೆಯ ವಾಸನೆ ಎಲ್ಲಿಂದ ಬಂತು? ಅವನ ಮೈಯಿಂದಲೇ ಇರಬಹುದು. ಇರಬಹುದು, ಅಷ್ಟೆ.

ಧಾರಾವಾಹಿ ನಿಲ್ಲಲಿಲ್ಲ. ಕ್ರಿಕೆಟ್ ಬಂದ ವಾರ ಬಿಟ್ಟು, ಎಳೆದೆಳೆದು ನಡೆಯಿತು. ದುಃಖದ ಮನೆಯಲ್ಲಿ ಟೀವಿ ಯಾಕೆ ಎಂದು ಅಪ್ಪ ಗದರಿದರೆ, ಕಾಕಾನಿಗೆ ಹೇಳಬೇಕು ಎಂದು ನಾನು ಅಳುತ್ತಿದ್ದೆ. ಆಗ ಅಪ್ಪ ಹೊಲದ ಕಡೆ ಹೊರಟುಬಿಡುತ್ತಿದ್ದ. ಸಣ್ಣವ್ವ ಸಣ್ಣ ದನಿಯಲ್ಲಿ ಹಿಂದಿಯನ್ನು ಕನ್ನಡ ಮಾಡಿ ಹೇಳುತ್ತಲೇ ಇದ್ದಳು. ಒಂದು ಭಾನುವಾರ ಆ ಮನುಷ್ಯನ ಗಡಿಯಾರದ ಸಂಗತಿ ಬಂತು. ಒಲೆಯ ಮುಂದಿನಿಂದ ಆಯಿ ಕೇಳಿದಳು: “ಏನಂದಿ?”

“ಅಲ್ಲಿ ಅಂವಗ ಒಂದು ದಿನ ಆದ್ರ, ಇಲ್ಲಿ ಮಂದಿಗಿ ವರ್ಷಗಟ್ಲೆ ಆಗತೈತಂತ ಅತ್ತಿ.”

“ಅದರಾಗ ಹೊಸಾದೇನೈತಿ? ದೇವಲೋಕದ ಲೆಕ್ಕ ಮೊದಲಿಂದ ಹಂಗ ಐತಿ.”

ಮುಂದಿನ ವಾರ ಆಯಿ ರೊಟ್ಟಿ ಬಡಿಯುವುದನ್ನು ಅವ್ವನಿಗೆ ಬಿಟ್ಟು ಟೀವಿಯ ಎದುರು ಬಂದು ಕೂತಳು. ಆ ಮನುಷ್ಯ ಮನೆ ಮುಟ್ಟುತ್ತಾನೋ ಇಲ್ಲವೋ ಅದನ್ನಷ್ಟೇ ನೋಡಬೇಕು ಅಂದಳು. ಅವಳ ಲೆಕ್ಕದಲ್ಲಿ ಕಾಕಾನಿಗೆ ಇನ್ನೂ ಒಂದು ಹೊತ್ತೂ ಕಳೆದಿರಲಿಲ್ಲ.

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂದಾಗ ಸಣ್ಣವ್ವನ ತಂದೆ ಬಂದ. ಹೈದರಾಬಾದಿನ ಸಂತೆಯವರೆಗೆ ಕುರಿ ಹೊಡೆದು ಮಾರಿಬರುವ, ನಾಲ್ಕು ಊರು ಕಂಡ ಮನುಷ್ಯ. ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಹೇಳಿದ:

“ನೋಡ್ರಿ ಬೀಗರ, ಈ ಅಮಾಸಿಗಿ ಹಿರ್ಯಾರ ಜೋಡಿ ಅವಂಗೂ ಎಡಿ ಇಡ್ರಿ. ನನ್ನ ಮಗಳಿಗಿ ಇನ್ನೂ ವಯಸ್ಸೈತಿ. ಉಡಿಕಿ ಮಾಡ್ತೀವಿ. ಗಂಡು ನೋಡೀವಿ.”

ಆ ಅಮಾವಾಸ್ಯೆಯಂದು ಸತ್ತ ಹಿರಿಯರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಹೋಳಿಗೆ ಬಡಿಸಿ ಕೈಮುಗಿಯುವುದು ಎಡಿ. ಕಾಕಾನಿಗೂ ಎಡಿ ಇಟ್ಟರೆ ಅವನು ಸತ್ತನೆಂದು ಮನೆಯವರೇ ಒಪ್ಪಿದ ಹಾಗೆ. ಆಮೇಲೆ ಸಣ್ಣವ್ವನಿಗೆ ಉಡಿಕಿ, ಎರಡನೆಯ ಮದುವೆ, ಮಾಡಬಹುದು. ಇಡದಿದ್ದರೆ ಅವಳು ಗಂಡನಿರುವ ಹೆಂಗಸು. ಎಲ್ಲಿಗೂ ಹೋಗುವಂತಿಲ್ಲ.

ಅಪ್ಪ ಶಹಾಪುರದಿಂದ ಒಂದು ಧೋತರ, ಒಂದು ರುಮಾಲು ತಂದು ಆಯಿಯ ಮುಂದಿಟ್ಟ. ಆಯಿ ಮುಟ್ಟಲಿಲ್ಲ.

“ಈ ಐತವಾರ ಕೊನೀದಂತ. ಅಂವ ಮನಿ ಮುಟ್ಟಲಿಲ್ಲಂದ್ರ ನನ್ನ ಕೈಲೆ ನಾನ ಎಡಿ ಇಡತೀನಿ.”

“ಅವ್ವಾ, ಅದು ನಾಟಕ ಬೇ!” ಅಂದ ಅಪ್ಪ.

“ನಾಟಕದಾಗ ದೇವರು ಬರೂದಿಲ್ಲೇನು?”

ಅಂದು ಅಡುಗೆಮನೆಯಲ್ಲಿ ಸಣ್ಣವ್ವ ಅವ್ವನಿಗೆ ಹೇಳಿದ್ದನ್ನು ನಾನು ಕೇಳಿದೆ. “ಅಕ್ಕಾ, ಉಡಿಕಿಗಿ ನಾ ಹ್ಞೂಂ ಅಂದೀನಿ ನಮ್ಮಪ್ಪಗ. ಪಾಪ ಬರತೈತೇನೋ.” ಅವ್ವ ಹಿಟ್ಟಿನ ಕೈಯಲ್ಲೇ ಅವಳ ಗಲ್ಲ ಹಿಡಿದಳು. “ಪಾಪಗೀಪ ಏನಿಲ್ಲ. ಹೋಗವ್ವಾ. ನಿನ್ನ ಬಾಳೇವು ನೀ ಮಾಡು.” ನನಗೆ ಬಂದದ್ದು ಸಿಟ್ಟು. ಇವಳು ಹೋದರೆ ಹಿಂದಿ ಯಾರು ಹೇಳುತ್ತಾರೆ, ಎಂದು.

ಭಾನುವಾರ ಬಂತು. ಆಯಿ ಪರದೆಗೆ ಮೂಗು ತಾಗುವಷ್ಟು ಹತ್ತಿರ. ಸಣ್ಣವ್ವನ ತಂದೆ ಹೊಸ್ತಿಲ ಬಳಿ. ಸಣ್ಣವ್ವ ಎಂದಿನಂತೆ ಗೋಡೆಗೆ. ಆ ಮನುಷ್ಯ ಭೂಮಿಗೆ ಇಳಿದ, ತನ್ನ ಬೀದಿಯಲ್ಲಿ ನಡೆದ, ಒಂದು ಗೇಟಿನ ಮುಂದೆ ನಿಂತ. ಅವನ ಕೂದಲು ಕಪ್ಪಾಗಿಯೇ ಇತ್ತು. ಬಾಗಿಲು ತೆರೆದ ಅವನ ಹೆಂಡತಿಯ ತಲೆ ಪೂರಾ ಬೆಳ್ಳಗೆ. ಅವನು ಮಾತಾಡತೊಡಗಿದ. ಬಹಳ ಹೊತ್ತು ಮಾತಾಡಿದ. ಸಣ್ಣವ್ವ ಒಂದು ಮಾತನ್ನೂ ಕನ್ನಡ ಮಾಡಲಿಲ್ಲ.

“ಸಣ್ಣವ್ವಾ, ಏನಂದ? ಏನಂದ?” ಎಂದು ನಾನು.

ಆಯಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಸಣ್ಣವ್ವ ಆಯಿಯ ಬೆನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಮುಟ್ಯಾನ ಅತ್ತಿ” ಅಂದಳು. “ಮನಿ ಮುಟ್ಯಾನ. ‘ನೀ ಕಾಯತೀಯಂತ ಗೊತ್ತಿತ್ತು’ ಅನ್ನಾಕತ್ತಾನ. ಅವರವ್ವ ಒಳಗಿಂದ ಬಂದಾಳ. ‘ಬಾರೋ, ಬಿಸಿ ರೊಟ್ಟಿ ಅದಾವ, ಕೈಕಾಲು ತೊಳಕೊ’ ಅನ್ನಾಕತ್ತಾಳ.”

ಆಯಿ ದನಿ ಎತ್ತಿ ಅತ್ತಳು. ಕಾಕಾ ಹೋದಾಗಿನಿಂದ ಅವಳು ಅತ್ತದ್ದು ಅದೇ ಮೊದಲು. ಸಣ್ಣವ್ವನ ತಂದೆ ಎದ್ದು ಚಪ್ಪಲಿ ಮೆಟ್ಟಿದ. ಮುಂದಿಟ್ಟ ಚಹಾ ಮುಟ್ಟಿರಲಿಲ್ಲ. “ನಿನ್ನ ಕೈಲೆ ನೀನ ಬಾಗಿಲಾ ಹಾಕ್ಕೊಂಡಿ, ಯವ್ವಾ” ಎಂದು ಮಗಳಿಗೆ ಹೇಳಿ ಹೊರಟುಹೋದ. ಅವನು ಯಾಕೆ ಹಾಗೆ ಅಂದನೆಂದು ನನಗೆ ತಿಳಿಯಲಿಲ್ಲ. ಕಾಕಾನಿಗೆ ಹೇಳಲು ಒಳ್ಳೆಯ ಮುಕ್ತಾಯ ಸಿಕ್ಕಿತ್ತು, ಅಷ್ಟೇ ನನಗೆ ಸಾಕಾಗಿತ್ತು.

ಆ ಅಮಾವಾಸ್ಯೆಗೆ ಕಾಕಾನ ಎಡಿ ಇಡಲಿಲ್ಲ. ಮುಂದೆಯೂ ಇಡಲಿಲ್ಲ. ಧೋತರ, ರುಮಾಲು ಟ್ರಂಕಿಗೆ ಸೇರಿದವು. ಆಯಿ ಸಾಯುವವರೆಗೂ ಸಂಜೆಯ ರೊಟ್ಟಿಯಲ್ಲಿ ಒಂದನ್ನು ಮಗನಿಗೆಂದು ತೆಗೆದಿಡಿಸುತ್ತಿದ್ದಳು. ಸಣ್ಣವ್ವ ಆ ಮನೆಯಲ್ಲೇ ಉಳಿದಳು, ನಮ್ಮನ್ನು ಬೆಳೆಸಿದಳು, ಆಯಿಯನ್ನು ಮಣ್ಣು ಮಾಡಿದಳು, ತಾನೂ ಮುದುಕಿಯಾದಳು. ಕಲಬುರಗಿಯಲ್ಲಿ ಓದುತ್ತಿದ್ದಾಗ ರಜೆಗೆ ಬಂದು ಒಮ್ಮೆ ಆ ಧಾರಾವಾಹಿಯ ಮಾತು ಎತ್ತಿದೆ. “ಯಾವುದವ್ವಾ? ನನಗೇನ ನೆನಪಿಲ್ಲ” ಎಂದು ಜೋಳ ಹಸನು ಮಾಡುವುದನ್ನು ಮುಂದುವರಿಸಿದಳು.

ಈ ಮಳೆಗಾಲದಲ್ಲಿ ಸಣ್ಣವ್ವ ತೀರಿಕೊಂಡಳು. ಓಣಿಯ ಹೆಂಗಸರು ಹಸಿರು ಬಳೆ ತೊಡಿಸಿ, ಹಣೆ ತುಂಬ ಕುಂಕುಮ ಹಚ್ಚಿ, ಉಡಿ ತುಂಬಿದರು. “ಪುಣ್ಯವಂತಿ, ಮುತ್ತೈದಿಯಾಗಿ ಹೋದಳು” ಅಂದರು.

ಅದಾದ ಕೆಲವು ದಿನಗಳ ಮೇಲೆ, ನಿದ್ದೆಯಿಲ್ಲದೆ ಫೋನು ನೋಡುತ್ತಿದ್ದಾಗ ಆ ಧಾರಾವಾಹಿ ಸಿಕ್ಕಿತು. ನನ್ನಂಥ ಯಾರೋ ಹುಚ್ಚರು ಕಂತುಗಳನ್ನೆಲ್ಲ ಹಾಕಿದ್ದರು. ಕೊನೆಯದನ್ನೇ ತೆರೆದೆ. ಮೊದಲು ನಗು ಬಂತು. ಅವನ ಶಿರಸ್ತ್ರಾಣ ಸ್ಕೂಟರಿನ ಹೆಲ್ಮೆಟ್ಟು. ನಕ್ಷತ್ರಗಳು ಕಪ್ಪು ಬಟ್ಟೆಗೆ ತೂತು ಮಾಡಿ ಹಿಂದಿನಿಂದ ದೀಪ ಹಿಡಿದವು, ಥೇಟ್ ನಮ್ಮ ಕುರಿಮರಿ ಬುಟ್ಟಿ. ಇದಕ್ಕಾಗಿ ಉಸಿರು ಹಿಡಿದು ಕೂತಿದ್ದೆವೇ ಎಂದು ನನ್ನ ಮೇಲೇ ಮರುಕ ಹುಟ್ಟಿತು. ಆಮೇಲೆ ಗೇಟು ಬಂತು, ಬಿಳಿ ತಲೆಯ ಹೆಂಡತಿ ಬಂದಳು. ಈಗ ನನಗೂ ಹಿಂದಿ ತಿಳಿಯುತ್ತದೆ.

ಅವನು ಒಳಗೆ ಹೋಗುವುದೇ ಇಲ್ಲ. ‘ನೀನು ನನ್ನನ್ನು ಕಾಯಬಾರದಿತ್ತು. ಹೋದ ದಿನವೇ ನಾನು ಇಲ್ಲಿಗೆ ಸತ್ತೆ. ಇದನ್ನು ಹೇಳಲು ಬಂದೆ, ತಡವಾಯಿತು’ ಎನ್ನುತ್ತಾನೆ. ತಿರುಗಿ ನಡೆಯುತ್ತಾನೆ. ಆ ಕಂತಿನಲ್ಲಿ ತಾಯಿಯೇ ಇಲ್ಲ. ಹಿಂದಕ್ಕೆ ಎಳೆದು ಎಳೆದು ನೋಡಿದೆ. ರೊಟ್ಟಿಯೂ ಇಲ್ಲ. ಆದರೆ ಇಷ್ಟು ವರ್ಷ ನನ್ನ ಕಣ್ಣಿನಲ್ಲಿ ಒಬ್ಬ ಮುದುಕಿ ಇದ್ದಳು, ಬಿಳಿ ಸೀರೆ, ಬಾಗಿದ ಬೆನ್ನು, ಕೈಯಲ್ಲಿ ತಂಬಿಗೆ. ಅವಳು ಆ ಪರದೆಯ ಮೇಲೆ ನಡೆದು ಬಂದದ್ದನ್ನು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ.

ಆ ತಾಯಿಯ ಮಾತು ಆಡಿದ್ದು ಸಣ್ಣವ್ವ. ಹೈದರಾಬಾದು ಕಂಡ ಅವಳ ತಂದೆಗೆ ಹಿಂದಿ ತಿಳಿಯುತ್ತಿತ್ತು. ಅವನು ಚಹಾ ಬಿಟ್ಟು ಎದ್ದದ್ದು ಯಾಕೆಂದು ಈಗ ಗೊತ್ತಾಯಿತು. ಪರದೆಯ ಮೇಲಿನ ಮನುಷ್ಯ ಅವಳಿಗೆ ಬೇಕಾದದ್ದನ್ನೇ ಹೇಳುತ್ತಿದ್ದ, ಅವಳು ಇದ್ದದ್ದು ಇದ್ದಂತೆ ಹೇಳಿದ್ದರೆ ಸಾಕಿತ್ತು. ಯಾಕೆ ಹೇಳಲಿಲ್ಲ? ಆಯಿಯ ಬೆನ್ನು ನೋಡಿಯೋ, ಏನಂದ ಏನಂದ ಎನ್ನುತ್ತಿದ್ದ ನನ್ನ ಮುಖ ನೋಡಿಯೋ, ಅವಳಿಗೂ ಕಾಕಾ ಮರಳಿ ಬರಬೇಕಿತ್ತೋ? ಆ ಹೊತ್ತಿಗೆ ಬಾಯಿಗೆ ಬಂದದ್ದು ಮುಂದೆ ಬದುಕೇ ಆಗುತ್ತದೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ. ಅಣ್ಣನನ್ನು ಕೇಳಿದರೆ “ಕೊನೀದು ನಾವು ಪೂರಾ ನೋಡೇ ಇಲ್ಲಲ್ಲಬೇ, ಕರೆಂಟ್ ಹೋಗಿತ್ತು” ಅನ್ನುತ್ತಾನೆ. ಕೇಳಬೇಕಾದವಳು ಇಲ್ಲ. ನಾನು ಯಾವ ಕಾರಣ ಬರೆದರೂ ಅದು ಅವಳ ಮೇಲೆ ನಾನು ಹೊದಿಸುವ ಕಂಬಳಿ.

ಮೊನ್ನೆ ಮಹಾನವಮಿ ಅಮಾವಾಸ್ಯೆ, ಶಹಾಪುರದಲ್ಲಿ ಅಣ್ಣನ ಮನೆಯಲ್ಲಿ. ಸಣ್ಣವ್ವನ ಹೆಸರಿನಲ್ಲಿ ಹಸಿರು ಸೀರೆ, ಬಳೆ, ಕುಂಕುಮ ಇಟ್ಟಿದ್ದರು. ಅತ್ತಿಗೆ ಟ್ರಂಕಿನಿಂದ ಆ ಧೋತರ, ರುಮಾಲು ತಂದಳು. ಮಡಿಕೆಯ ಗೆರೆಗಳಲ್ಲಿ ಬಟ್ಟೆ ಹಳದಿಯಾಗಿತ್ತು.

“ಕಾಕಾಂದೂ ಇಡೂಣೇನು ನೀಲವ್ವಾ? ಈಗ ಬ್ಯಾಡ ಅನ್ನೋರು ಯಾರದಾರ?”

ಯಾರೂ ಇಲ್ಲ. ಕಾಕಾ ಸತ್ತಿದ್ದಾನೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನಗೆ ಅನುಮಾನವಿಲ್ಲದ ಸಂಗತಿ ಬಹುಶಃ ಅದೊಂದೇ. ಆದರೂ ಆ ಹಸಿರು ಬಳೆಗಳ ಪಕ್ಕ ಅವನ ರುಮಾಲು ಇಟ್ಟರೆ, ಅವಳು ಇಷ್ಟು ವರ್ಷ ಕಾದದ್ದು ಯಾರನ್ನು?

“ಬ್ಯಾಡ” ಅಂದೆ. ಅತ್ತಿಗೆ ಬಟ್ಟೆಯನ್ನು ಮತ್ತೆ ಅದೇ ಗೆರೆಗಳಲ್ಲಿ ಮಡಚಿದಳು.

ಇದ್ದದ್ದು ಇದ್ದಂಗ ಹೇಳಬೇಕು ಅಂದಿದ್ದ ಕಾಕಾ. ಇದ್ದದ್ದು ಈಗ ಫೋನಿನಲ್ಲಿದೆ, ಬೇಕಾದವರು ಬೇಕಾದಾಗ ನೋಡಬಹುದು. ಇಲ್ಲದ್ದು, ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತು ಒಂದು ಬೆಳಿಗ್ಗೆ ಹೇಳಿದ್ದು, ನನ್ನ ಈ ನಂಬಲಾಗದ ತಲೆಯೊಳಗೆ ಮಾತ್ರ ಉಳಿದಿದೆ. ಅದೂ ಸವೆಯುತ್ತಿದೆ. ಅವಳು ‘ಬಿಸಿ ರೊಟ್ಟಿ’ ಅಂದಿದ್ದಳೋ, ‘ಬಿಸಿ ನೀರು’ ಅಂದಿದ್ದಳೋ, ಇವತ್ತು ಬೆಳಿಗ್ಗೆ ಎಷ್ಟು ಹೊತ್ತು ಕೂತರೂ ಖಾತ್ರಿಯಾಗಲಿಲ್ಲ.