ಅಟ್ಟದ ಮೇಲಿಟ್ಟ ಗಿಟಾರ್

ನಮ್ಮ ಯಜಮಾನರು ಹುಡುಗರಾಗಿದ್ದಾಗ ಗಿಟಾರ್ ನುಡಿಸುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಮದುವೆಯಾಗಿ ಹೆಬ್ಬಾಳಕ್ಕೆ ಬಂದ ಮೇಲೆ. ಅದೂ ಹೇಳಿದವರು ಪಕ್ಕದ ಮನೆಯವರು. ಯಶವಂತಪುರದ ರೈಲ್ವೆ ಕ್ವಾರ್ಟರ್ಸಿಗೆ ಹಾಲು ಹಾಕಲು ಹೋಗುತ್ತಿದ್ದ ಹುಡುಗ, ಅಲ್ಲಿದ್ದ ಆಂಗ್ಲೋ ಇಂಡಿಯನ್ ಎಂಜಿನ್ ಡ್ರೈವರ್ ಒಬ್ಬರ ಜಗಲಿಯಲ್ಲಿ ಕೂತು ಕಲಿತದ್ದಂತೆ. ಆಮೇಲೆ ಯಾಕೋ ಬಿಟ್ಟರಂತೆ. ಯಾಕೆ ಎಂದು ಇವರನ್ನೇ ಕೇಳಿದರೆ, "ದ್ರಾಕ್ಷಿ ತೋಟ ಯಾರು ನೋಡ್ಕೊಳ್ತಾರೆ?" ಎಂದು ಮಾತು ಮುಗಿಸಿಬಿಡುತ್ತಿದ್ದರು. ಊಟಕ್ಕೆ ಕೂತಾಗ ಮಾತ್ರ ಎಡಗೈ ಬೆರಳುಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ತಾವೇ ಓಡಾಡುತ್ತಿದ್ದವು. ಅದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಗಂಡ ನುಡಿಸಿದ್ದನ್ನು ಕೇರಿಯವರೆಲ್ಲ ಕೇಳಿದ್ದಾರೆ, ನಾನೊಬ್ಬಳು ಕೇಳಿಲ್ಲ! ಒಂದು ಸಲವಾದರೂ ಕೇಳಲೇಬೇಕು ಎಂಬ ಹಠ ಹಿಡಿಯಿತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಡ್ರೈವರ್ ತೀರಿಹೋಗಿದ್ದರು. ಅವರ ಹೆಂಡತಿ ಇಂಗ್ಲೆಂಡಿನಲ್ಲಿದ್ದ ಮಗಳ ಹತ್ತಿರ ಹೊರಟು ನಿಂತು, ಮನೆಯ ಸಾಮಾನೆಲ್ಲ ಮಾರುತ್ತಿದ್ದಾರೆಂದು ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಸುದ್ದಿ ಬಂತು. ಯಾರಿಗೂ ಹೇಳದೆ ಹೋದೆ. ಗಿಟಾರ್ ಇನ್ನೂ ಗೋಡೆಯ ಮೇಲೇ ಇತ್ತು. ಯುದ್ಧಕ್ಕೂ ಮುಂಚೆ ಹಡಗಿನಲ್ಲಿ ಬಂದದ್ದಂತೆ. ನುಡಿಸಿ ನುಡಿಸಿ ತೂತಿನ ಕೆಳಗೆ ಬಣ್ಣ ಸವೆದು ಮರ ಕಾಣುತ್ತಿತ್ತು.

"ಹಾಲಿನ ಹುಡುಗನಿಗಾ? ಹಾಗಾದ್ರೆ ನಿನಗೇ ಕೊಡ್ತೀನಿ," ಎಂದರು ಆಕೆ. "ಒದ್ದೆ ಬಟ್ಟೆ ಕೂಡ ತಾಗಿಸ್ಬೇಡಮ್ಮ. ಹಳೇ ಮರ, ಬರೀ ಅಂಟಿನ ಮೇಲೆ ನಿಂತಿದೆ."

ನನ್ನದೊಂದು ಹಳೆಯ ಸೀರೆಯಲ್ಲಿ ಸುತ್ತಿ, ಜಟಕಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಇವರೂ ಅತ್ತೆಯೂ ತೋಟದಲ್ಲಿದ್ದ ಹೊತ್ತು ನೋಡಿ ಅಟ್ಟ ಹತ್ತಿ, ರಾಗಿ ಮೂಟೆಗಳ ಹಿಂದೆ ಬಚ್ಚಿಟ್ಟೆ. ವಿಜಯದಶಮಿಯ ದಿನ ಇವರ ಕೈಗಿಟ್ಟು ಬೆರಗುಗೊಳಿಸಬೇಕು ಎಂದು ನನ್ನ ಲೆಕ್ಕಾಚಾರ.

ಪೇಟೆಯಲ್ಲಿದ್ದ ನನ್ನ ತವರಿನಲ್ಲಿ ಆಯುಧಪೂಜೆಯೆಂದರೆ ಚಾಕು, ಕತ್ತರಿ, ಅಪ್ಪನ ಸೈಕಲ್ಲು. ಮದುವೆಯಾದ ಮೊದಲ ವರ್ಷ ದಸರೆಗೆ ತವರಿಗೇ ಹೋಗಿದ್ದೆನಾದ್ದರಿಂದ ಈ ಮನೆಯ ಪದ್ಧತಿ ಕಂಡಿರಲಿಲ್ಲ. ಇಲ್ಲಿ ಅಟ್ಟದ ಮೇಲಿನದೂ ಸೇರಿ ಮನೆಯಲ್ಲಿರುವ ಸಲಕರಣೆಯೆಲ್ಲ ಅಂಗಳಕ್ಕೆ ಇಳಿಯಬೇಕು, ಮೈ ತೊಳೆಸಿಕೊಳ್ಳಬೇಕು. ಹಬ್ಬದ ದಿನ ನಾನು ಹೂವು, ಬೂದುಗುಂಬಳಕಾಯಿ ತೆಗೆದುಕೊಂಡು ಬರುವಷ್ಟರಲ್ಲಿ ನೇಗಿಲು, ನೊಗ, ಗುದ್ದಲಿ, ಕುಡುಗೋಲು ಸಾಲಾಗಿ ಬಿಸಿಲಿನಲ್ಲಿ ಒಣಗುತ್ತಿದ್ದವು. ನೊಗಕ್ಕೆ ಒರಗಿಕೊಂಡು ಗಿಟಾರ್ ನಿಂತಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀನೇ ತಂದಿದ್ದು ಅಂತ ಗೊತ್ತಾಯ್ತು ಕಣವ್ವ, ನಿನ್ನ ಸೀರೆ ಸುತ್ತಿತ್ತಲ್ಲ," ಎಂದರು ಅತ್ತೆ, ಮುಖವೆಲ್ಲ ನಗುವಾಗಿ. "ಒಳಗೆಲ್ಲ ಧೂಳು ತುಂಬ್ಕಂಡಿತ್ತು. ಸೀಗೆಪುಡಿ ಆಕಿ ಉಜ್ಜಿ, ತೂತಿನಾಗೆ ಎರಡು ಬಿಂದಿಗೆ ನೀರು ಉಯ್ದು ಕುಲುಕ್ದೆ. ಈಗ ನೋಡು, ಎಂಗೆ ಒಳೀತದೆ!"

ನನ್ನ ನಾಲಿಗೆ ಮೊದಲೇ ಅಷ್ಟು ಒಳ್ಳೆಯದಲ್ಲ. ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಅವರು ಹತ್ತಿರ ಬಂದು ದನಿ ತಗ್ಗಿಸಿದರು.

"ಆ ಡ್ರೈವರ್ ದೊರೆ ಇವನಿಗೊಂದು ಕೊಟ್ಟಿದ್ರು, ಚಿಕ್ಕದು. ನಿಮ್ಮಾವ ಕೊಡಲೀಲಿ ಸೀಳಿ ಬಚ್ಚಲ ಒಲೆಗೆ ಇಕ್ಬುಟ್ರು. ಮಗ ಒಲೆ ಮುಂದೆ ಕೂತ್ಕಂಡು ನೋಡ್ತಿದ್ದ. ನಾನೂ ಅಲ್ಲೇ ನಿಂತಿದ್ದೆ, ಒಂದು ಮಾತೂ ಆಡ್ನಿಲ್ಲ. ಅದಕ್ಕೇ ಇದನ್ನ ಇನ್ನೊಬ್ಬರ ಕೈಗೆ ಕೊಡ್ನಿಲ್ಲ ಕಣವ್ವ, ನಾನೇ ತೊಳ್ದೆ."

ಹೂವಿನ ಬುಟ್ಟಿ ಹಿಡಿದುಕೊಂಡು ಒಳಗೆ ಹೋದೆ.

ಸಂಜೆ ಇವರು ತೋಟದಿಂದ ಬಂದು ಅಂಗಳದಲ್ಲೇ ನಿಂತುಬಿಟ್ಟರು. ಆ ಸವೆದ ಮರ ನೋಡಿಯೇ ಯಾರದೆಂದು ತಿಳಿಯಿತು. ಅವರ ಮುಖ ಅರಳಿದ್ದನ್ನು ಅಷ್ಟು ಹತ್ತಿರದಿಂದ ನಾನು ಕಂಡದ್ದು ಅದೇ ಮೊದಲು. ಆಮೇಲೆ ಬಗ್ಗಿ ನೋಡಿದರು. ಬೆನ್ನಿನ ಹಲಗೆ ಆಗಲೇ ಉಬ್ಬಿತ್ತು. ಅಡುಗೆಮನೆಗೆ ಬಂದಾಗ ಅತ್ತೆ ಅಂದದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದೆ. "ಏನಾಗಿದೆ ಅಂತ ಅವರಿಗೆ ಹೇಳ್ಬಿಡ್ಲಾ?" ಎಂದು ಕೇಳಿದೆ.

"ಬೇಡ," ಎಂದರು. "ಏನೂ ಹೇಳ್ಬೇಡ."

ಅತ್ತೆ ನೇಗಿಲಿಗಿಂತ ಮೊದಲು ಗಿಟಾರಿಗೇ ಕುಂಕುಮ ಹಚ್ಚಿ, ತಲೆಯ ಮೇಲೆ ಸೇವಂತಿಗೆ ಇಟ್ಟರು. ಪೂಜೆಯಾದ ಮೇಲೆ ಮಾರನೆಯ ದಿನದವರೆಗೆ ಯಾರೂ ಆಯುಧ ಮುಟ್ಟುವಂತಿಲ್ಲ. ತಂತಿ ಬಿಚ್ಚಿ, ಒರೆಸಿ, ಹಲಗೆ ಬಿಗಿದು ಕಟ್ಟಿದ್ದರೆ ಒಂದಷ್ಟು ಉಳಿಯುತ್ತಿತ್ತೋ ಏನೋ, ಇವರು ಎದುರಿನ ಜಗಲಿಯಲ್ಲಿ ಕೈಕಟ್ಟಿ ಕೂತೇ ಇದ್ದರು. ದೀಪ ಉರಿಯುತ್ತಿರುವಾಗಲೇ ಗಿಟಾರಿನ ಒಳಗೆಲ್ಲೋ ಅಂಟು ಬಿಟ್ಟು ಟಪ್ಪೆಂದಿತು, ಮೇಲಿಟ್ಟ ಹೂವು ಬಲಗಡೆಗೆ ಬಿತ್ತು. ಅತ್ತೆ ಓಡಿ ಹೋಗಿ ಅದನ್ನು ಕಣ್ಣಿಗೊತ್ತಿಕೊಂಡು, "ನೋಡ್ರಪ್ಪ, ಬಲಗಡೆ ಪ್ರಸಾದ ಆಯ್ತು! ತಾಯಿ ಒಪ್ಕಂಡ್ಲು," ಎಂದು ನನ್ನ ಮುಡಿಗೆ ಮುಡಿಸಿದರು. ನಾನು ತಲೆ ಬಗ್ಗಿಸಿ ಮುಡಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಅತ್ತೆಯೇ ಚಾಪೆ ಹಾಸಿ, ಗಿಟಾರನ್ನು ಮಗನ ತೊಡೆಯ ಮೇಲಿಟ್ಟು ಎದುರಿಗೆ ಕೂತರು. ಇವರು ತಂತಿಯ ತಿರುಪು ಸ್ವಲ್ಪವೇ ತಿರುಗಿಸಿದರು. ತಂತಿ ಬಿಗಿಯಾಗುವ ಬದಲು ಮೇಲಿನ ಹಲಗೆಯೇ ಎದ್ದು ಬರತೊಡಗಿತು. ಅದು ತಾಯಿಗೆ ಕಾಣದ ಹಾಗೆ ಅಂಗೈ ಒತ್ತಿ ಹಿಡಿದರು.

"ಯಾಕ್ಲಾ ಮಗ? ಮರ್ತೋಯ್ತಾ?"

ಇವರು ನನ್ನ ಕಡೆ ನೋಡಿದರು. "ಹೂಂ ಅವ್ವ," ಎಂದರು. "ಪೂರ್ತಿ ಮರ್ತೋಯ್ತು."

ಅತ್ತೆಯ ಮುಖದಲ್ಲಿದ್ದ ನಗು ಹೊರಟುಹೋಯಿತು. "ನಾನು ಆವತ್ತು ಒಲೆಗೆ ಅಡ್ಡ ನಿಂತಿದ್ರೆ ಮರೀತಿರ್ನಿಲ್ಲ ಕಣ್ಲಾ," ಎಂದು ಸೆರಗನ್ನು ಬಾಯಿಗಿಟ್ಟುಕೊಂಡು ಅಳತೊಡಗಿದರು. ನೀರು ಬಿದ್ದು ಹಾಳಾಗಿದೆ ಎಂಬ ನಿಜ ಹೇಳಿದ್ದರೂ ಅಳುತ್ತಿದ್ದರು. ಇವರು ಹಲಗೆಯ ಮೇಲಿನ ಕೈ ತೆಗೆಯುವಂತಿರಲಿಲ್ಲ, ಹಾಗಾಗಿ ಎದ್ದು ತಾಯಿಯ ಹತ್ತಿರ ಹೋಗಲೂ ಆಗಲಿಲ್ಲ.